ನೆಟ್‌ವರ್ಕ್ ಕಾರ್ಡಿನ ಕುಲ, ಸ್ಥಾನ, ನಾಮ

ಮನೆಗೆ ಹೊಸಬನೊಬ್ಬನು ಬಂದರೆ ಹಿರಿಯರು ಅವನನ್ನು ಮೂರು ಮಾತು ಕೇಳುವುದು ವಾಡಿಕೆ. ಯಾರ ಕಡೆಯವನು, ಎಲ್ಲಿ ಇಳಿದುಕೊಂಡಿರುವೆ, ಹೆಸರೇನು ಎಂಬಿವೇ ಆ ಮೂರು ಮಾತುಗಳು. ಸರ್ವರ್ ಎಂಬ ಗಣಕಯಂತ್ರದೊಳಕ್ಕೆ ನೆಟ್‌ವರ್ಕ್ ಕಾರ್ಡೊಂದನ್ನು ಕೂರಿಸುವವನೂ ಇವೇ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಒದಗಿಸಬೇಕಾಗುತ್ತದೆ. ಆ ಕಾರ್ಡಿನ ಹುಟ್ಟುಸಂಖ್ಯೆ ಯಾವುದು, ಅದು ಯಂತ್ರದಲ್ಲಿ ಎಲ್ಲಿ ಕುಳಿತಿದೆ, ಅದನ್ನು ಏನೆಂದು ಕರೆಯತಕ್ಕದ್ದು ಎಂಬುದು ನಿಶ್ಚಯವಾಗದೆ ಸರ್ವರು ಜಾಲದೊಡನೆ ಒಂದು ಮಾತನ್ನೂ ಆಡಲಾರದು. ಈ ಮೂರಕ್ಕೂ ಮನುಷ್ಯನೇ ಕೈಯಾರ ಉತ್ತರ ಕೊಡುತ್ತಿದ್ದ ಕಾಲವೊಂದಿತ್ತು. ಈಗ ಯಂತ್ರವು ತಾನಾಗಿಯೇ ಉತ್ತರ ಹೇಳಿಕೊಳ್ಳುತ್ತದೆಂದು ಹೇಳುವುದುಂಟು. ಆ ಮಾತು ಎಷ್ಟರಮಟ್ಟಿಗೆ ನಿಜವೆಂಬುದು ಕಾರ್ಡಿನ ಐವತ್ತು ವರ್ಷಗಳ ಚರಿತ್ರೆಯನ್ನು ನೋಡಿದ ಹೊರತು ತಿಳಿಯುವಂತಿಲ್ಲ.

ನೆಟ್‌ವರ್ಕ್ ಕಾರ್ಡೆಂಬುದು ಅಂಗೈಯಗಲದ ಒಂದು ಹಲಗೆ. ಅದರ ಒಂದು ಅಂಚಿನಲ್ಲಿ ಚಿನ್ನದ ಲೇಪವುಳ್ಳ ಹಲ್ಲುಗಳಿರುತ್ತವೆ. ಅವು ಗಣಕಯಂತ್ರದ ಮುಖ್ಯ ಫಲಕದ ಮೇಲಿರುವ ಸ್ಲಾಟ್ ಎಂಬ ಸೀಳಿನಲ್ಲಿ ಹೊಂದಿಕೊಂಡು ಕುಳಿತುಕೊಳ್ಳುತ್ತವೆ. ಇನ್ನೊಂದು ಅಂಚು ಪೆಟ್ಟಿಗೆಯ ಹಿಂಬದಿಯಲ್ಲಿ ಹೊರಕ್ಕೆ ಚಾಚಿಕೊಂಡು ಜಾಲದ ತಂತಿಯನ್ನು ಹಿಡಿದುಕೊಳ್ಳುತ್ತದೆ. ಯಂತ್ರದೊಳಗಿನ ಮಾತನ್ನು ತಂತಿಗೂ ತಂತಿಯ ಮಾತನ್ನು ಯಂತ್ರಕ್ಕೂ ದಾಟಿಸುವ ದುಭಾಷಿಯ ಕೆಲಸ ಅದರದು. ಒಬ್ಬನೇ ಕುಳಿತು ಬರೆಯುವ ಮೇಜಿನ ಯಂತ್ರದಲ್ಲಿ ಕಾರ್ಡು ಕೆಟ್ಟರೆ ಒಬ್ಬನ ಕೆಲಸ ನಿಲ್ಲುತ್ತದೆ. ಸರ್ವರಾದರೋ ಹಲವರ ಕಡತಗಳನ್ನೂ ಲೆಕ್ಕಪತ್ರಗಳನ್ನೂ ಅಂಚೆಯನ್ನೂ ಕಾಯ್ದುಕೊಂಡಿರುವ ಯಂತ್ರ; ಅದಕ್ಕೆ ಜಾಲವೇ ಬಾಗಿಲು. ಎಷ್ಟೋ ಸರ್ವರುಗಳಲ್ಲಿ ಎರಡು ಕಾರ್ಡುಗಳಿದ್ದು ಒಂದು ಒಳಮನೆಯ ಕಡೆಗೂ ಮತ್ತೊಂದು ಬೀದಿಯ ಕಡೆಗೂ ಮುಖಮಾಡಿರುತ್ತವೆ. ಅಂಥಲ್ಲಿ ಯಾವುದು ಯಾವುದೆಂಬ ವಿಷಯದಲ್ಲಿ ತಪ್ಪಾದರೆ ತೆರೆಯಬೇಕಾದ ಬಾಗಿಲು ಮುಚ್ಚುವುದಲ್ಲದೆ, ಮುಚ್ಚಿರಬೇಕಾದ ಬಾಗಿಲು ತೆರೆದುಕೊಳ್ಳುವುದೂ ಉಂಟು.

ಈ ವಿದ್ಯೆಯ ಮೂಲ ಸಮುದ್ರದ ನಡುವೆ ಇದೆ. ಹವಾಯಿ ದ್ವೀಪಗಳ ವಿಶ್ವವಿದ್ಯಾನಿಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಎಂಬ ಪಂಡಿತರೂ ಅವರ ಸಂಗಡಿಗರೂ ೧೯೭೧ರಲ್ಲಿ ಅಲೋಹಾ ಎಂಬ ರೇಡಿಯೋ ಜಾಲವನ್ನು ನಡೆಸಿ ತೋರಿಸಿದರು. ದ್ವೀಪದ್ವೀಪಗಳಲ್ಲಿದ್ದವರೆಲ್ಲ ಒಂದೇ ತರಂಗದ ಮೇಲೆ ಮಾತನಾಡಬೇಕಾಗಿತ್ತು. ಇಬ್ಬರು ಒಟ್ಟಿಗೆ ಮಾತನಾಡಿದರೆ ಎರಡು ಮಾತೂ ಕೆಡುವುವು. ಆಗ ಇಬ್ಬರೂ ಇಷ್ಟೇ ಎಂದು ಗೊತ್ತಿಲ್ಲದ ಹೊತ್ತು ಸುಮ್ಮನಿದ್ದು ಮತ್ತೆ ಹೇಳುವರು. ಏರ್ಪಾಡು ಸರಳವಾದುದು, ಆದರೆ ದುಂದಿನದು; ಹೆಚ್ಚೆಂದರೆ ಶಕ್ತಿಯ ಶೇಕಡ ೧೮ರಷ್ಟು ಮಾತ್ರ ಉಪಯೋಗಕ್ಕೆ ಬರುವುದೆಂದು ಗಣಿತದಿಂದಲೇ ತಿಳಿಯುತ್ತದೆ. ಕ್ಯಾಲಿಫೋರ್ನಿಯದ ಪಾಲೋ ಆಲ್ಟೋ ಪಟ್ಟಣದಲ್ಲಿದ್ದ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್ಕಾಫ್ ಅವರು ಇದನ್ನು ಓದಿ ತಿದ್ದಿದರು. ಮಾತನಾಡುವುದಕ್ಕೆ ಮುಂಚೆ ಕಿವಿಗೊಟ್ಟು ಕೇಳಬೇಕು, ಮಾತು ಮಾತಿಗೆ ತಾಗಿದ್ದು ಕಂಡೊಡನೆ ನಿಲ್ಲಿಸಬೇಕು ಎಂಬ ಎರಡು ನಿಯಮಗಳನ್ನು ಸೇರಿಸಿ, ೧೯೭೩ರ ಮೇ ೨೨ರಂದು ತಮ್ಮ ಸಂಸ್ಥೆಯೊಳಗೆ ಒಂದು ಟಿಪ್ಪಣಿಯನ್ನು ಬರೆದರು. ಅದರಲ್ಲಿ ಈ ಜಾಲಕ್ಕೆ ಈಥರ್‌ನೆಟ್ ಎಂಬ ಹೆಸರು ಬಂದಿತು. ಬೆಳಕು ಸಂಚರಿಸುವುದಕ್ಕೆ ಆಧಾರವಾದ ಈಥರ್ ಎಂಬ ಸೂಕ್ಷ್ಮದ್ರವ್ಯವು ಜಗತ್ತನ್ನೆಲ್ಲ ತುಂಬಿದೆಯೆಂದು ಹಿಂದಿನ ಭೌತವಿಜ್ಞಾನಿಗಳು ನಂಬಿದ್ದರು. ೧೮೮೭ರಲ್ಲಿ ಮೈಕಲ್ಸನ್, ಮಾರ್ಲೆ ಎಂಬವರು ನಡೆಸಿದ ಪ್ರಯೋಗದಿಂದ ಆ ನಂಬಿಕೆಯ ಬೇರು ಸಡಿಲಿತು. ಪ್ರಕೃತಿಯಲ್ಲಿ ಇಲ್ಲವಾದ ಈಥರು ಒಂದು ತಾಮ್ರದ ತಂತಿಯಲ್ಲಿ ಪುನರ್ಜನ್ಮವನ್ನು ಪಡೆಯಿತೆನ್ನಬಹುದು.

ಮೆಟ್ಕಾಫ್ ಅವರಿಗೆ ಕೈಜೋಡಿಸಿ ಹಲಗೆಗಳನ್ನು ಕಟ್ಟಿದವರು ಡೇವಿಡ್ ಬಾಗ್ಸ್. ಆ ಮೊದಲ ಜಾಲವು ಸೆಕೆಂಡಿಗೆ ಸುಮಾರು ೨೯ ಲಕ್ಷ ಬಿಟ್ಟುಗಳನ್ನು ಸಾಗಿಸುತ್ತಿತ್ತು. ಅದರಲ್ಲಿ ಪ್ರತಿಯೊಂದು ಯಂತ್ರಕ್ಕೂ ಎಂಟು ಬಿಟ್ಟುಗಳ ಸಂಖ್ಯೆಯೊಂದಿದ್ದಿತು. ಎಂದರೆ ಒಟ್ಟು ೨೫೬ ಸಂಖ್ಯೆಗಳು. ಒಂದೇ ಕಟ್ಟಡದ ಯಂತ್ರಗಳಿಗೆ ಅಷ್ಟು ಸಾಕೇ ಸಾಕೆಂದು ಯಾರಿಗಾದರೂ ತೋರುವಂತಿತ್ತು.

ಆದರೆ ಜಾಲವು ಒಂದು ಕಟ್ಟಡದಲ್ಲಿ ನಿಲ್ಲಲಿಲ್ಲ. ಡಿಜಿಟಲ್, ಇಂಟೆಲ್, ಜೆರಾಕ್ಸ್ ಈ ಮೂರು ಕಂಪೆನಿಗಳು ಒಂದಾಗಿ ೧೯೮೦ರ ಸೆಪ್ಟೆಂಬರಿನಲ್ಲಿ ಈಥರ್‌ನೆಟ್ಟಿನ ನಿಯಮಗಳನ್ನು ಪ್ರಕಟಿಸಿದಾಗ ವೇಗವು ಸೆಕೆಂಡಿಗೆ ಒಂದು ಕೋಟಿ ಬಿಟ್ಟಿಗೆ ಏರಿತು. ಎಂಟು ಬಿಟ್ಟಿನ ಸಂಖ್ಯೆ ನಲವತ್ತೆಂಟು ಬಿಟ್ಟಿನದಾಯಿತು. ಈ ಎರಡನೆಯ ಬದಲಾವಣೆಯ ಹಿಂದಿನ ವಿಚಾರವನ್ನು ಮುಂಬಯಿಯ ಐ.ಐ.ಟಿ.ಯಲ್ಲಿ ಓದಿ ಅಮೆರಿಕಕ್ಕೆ ಹೋಗಿದ್ದ ಯೋಗೇನ್ ದಲಾಲ್ ಅವರೂ ರಾಬರ್ಟ್ ಪ್ರಿಂಟಿಸ್ ಅವರೂ ೧೯೮೧ರ ಲೇಖನವೊಂದರಲ್ಲಿ ವಿವರಿಸಿದರು. ಅವರ ವಾದವು ಇದು: ಒಂದೊಂದು ಜಾಲದ ಯಜಮಾನನೂ ತನ್ನ ಇಷ್ಟದಂತೆ ಸಂಖ್ಯೆಗಳನ್ನು ಹಂಚುತ್ತ ಹೋದರೆ, ಎರಡು ಜಾಲಗಳು ಕೂಡಿದ ದಿನ ಒಂದೇ ಸಂಖ್ಯೆಯ ಎರಡು ಯಂತ್ರಗಳು ಎದುರುಬದುರಾಗುವುವು. ಆದುದರಿಂದ ಲೋಕದಲ್ಲಿ ಎಲ್ಲಿಯೂ ಎಂದಿಗೂ ಮರಳಿ ಬಾರದಂಥ ಸಂಖ್ಯೆಯೊಂದನ್ನು ಹುಟ್ಟುವಾಗಲೇ ಕೊಟ್ಟುಬಿಡುವುದು ಲೇಸು. ನಲವತ್ತೆಂಟು ಬಿಟ್ಟುಗಳಲ್ಲಿ ೨೮೧ ಲಕ್ಷ ಕೋಟಿಗೂ ಮಿಕ್ಕ ಸಂಖ್ಯೆಗಳು ಹಿಡಿಯುತ್ತವೆ. ಅವುಗಳ ಮೊದಲರ್ಧ ತಯಾರಕನ ಕುಲವನ್ನು ಹೇಳುತ್ತದೆ. ಉಳಿದರ್ಧದಲ್ಲಿ ಆ ತಯಾರಕನು ೧,೬೭,೭೭,೨೧೬ ಕಾರ್ಡುಗಳಿಗೆ ಬೇರೆ ಬೇರೆ ಸಂಖ್ಯೆಯನ್ನು ಕೊಡಬಹುದು. ಮೊದಲು ಜೆರಾಕ್ಸ್ ಕಂಪೆನಿಯೂ ತರುವಾಯ ವಿದ್ಯುತ್ ಇಂಜಿನಿಯರುಗಳ ಸಂಘವಾದ ಐ.ಇ.ಇ.ಇ.ಯೂ ಈ ಕುಲಸಂಖ್ಯೆಗಳನ್ನು ಹಂಚುವ ಅಧಿಕಾರವನ್ನು ವಹಿಸಿಕೊಂಡವು.

ಇಲ್ಲಿ ಒಂದು ಸೂಕ್ಷ್ಮವಿದೆ. ದಲಾಲ್ ಮತ್ತು ಪ್ರಿಂಟಿಸ್ ಅವರು ಸಂಖ್ಯೆ ಕೊಡಬೇಕೆಂದುದು ಯಂತ್ರಕ್ಕೆ, ಕಾರ್ಡಿಗಲ್ಲ. ಒಂದು ಯಂತ್ರಕ್ಕೆ ಎರಡು ಕಾರ್ಡುಗಳಿದ್ದರೂ ಯಂತ್ರವು ಒಂದೇ ಆದುದರಿಂದ ಸಂಖ್ಯೆಯೂ ಒಂದೇ ಆಗಬೇಕೆಂಬುದು ಅವರ ಅಭಿಪ್ರಾಯ. ಸನ್ ಕಂಪೆನಿಯ ಯಂತ್ರಗಳು ಬಹುಕಾಲ ಈ ಮೂಲಮತವನ್ನೇ ಪಾಲಿಸಿದವು. ಆದರೆ ಮಾರುಕಟ್ಟೆಯಲ್ಲಿ ಕಾರ್ಡನ್ನು ಮಾಡುವವನು ಒಬ್ಬ, ಯಂತ್ರವನ್ನು ಮಾಡುವವನು ಮತ್ತೊಬ್ಬ. ಸಂಖ್ಯೆಯನ್ನು ಕಾರ್ಡಿನೊಳಗೆ ಬರೆದು ಮಾರುವುದೇ ರೂಢಿಯಾಗಿ ಹೋಯಿತು. ಇದರ ಫಲವಾಗಿ ಸರ್ವರಿನ ಕಾರ್ಡು ಕೆಟ್ಟು ಬೇರೆಯದನ್ನು ಹಾಕಿದ ದಿನ ಸರ್ವರಿನ ಗುರುತೇ ಬದಲಾಗುತ್ತದೆ. ಇಂಟರ್‌ನೆಟ್ ವಿಳಾಸಕ್ಕೂ ಈ ಹುಟ್ಟುಸಂಖ್ಯೆಗೂ ಗಂಟು ಹಾಕುವ ವಿಧಾನವನ್ನು ಡೇವಿಡ್ ಪ್ಲಮ್ಮರ್ ಎಂಬವರು ೧೯೮೨ರಲ್ಲಿ ಬರೆದರು. ನೆರೆಯ ಯಂತ್ರಗಳು ಒಮ್ಮೆ ಕೇಳಿ ತಿಳಿದುಕೊಂಡ ಸಂಖ್ಯೆಯನ್ನು ಸ್ವಲ್ಪ ಕಾಲ ನೆನಪಿನಲ್ಲಿಟ್ಟುಕೊಳ್ಳುತ್ತವೆ. ಕೆಲವು ರೂಟರುಗಳಲ್ಲಿ ಆ ಕಾಲ ನಾಲ್ಕು ಗಂಟೆ. ಹೊಸ ಕಾರ್ಡನ್ನು ಸರಿಯಾಗಿ ಕೂರಿಸಿ, ವಿಳಾಸವನ್ನು ತಪ್ಪಿಲ್ಲದೆ ಬರೆದರೂ ಸರ್ವರಿಗೆ ಯಾರ ಮಾತೂ ತಲಪದಿರುವುದು ಈ ಕಾರಣದಿಂದಲೂ ಉಂಟು. ಮನೆ ಬದಲಾದ ಸುದ್ದಿ ತಿಳಿಯದ ಅಂಚೆಯವನಂತೆ ರೂಟರು ಹಳೆಯ ಕಾರ್ಡಿನ ಸಂಖ್ಯೆಗೇ ಕಾಗದಗಳನ್ನು ಹಾಕುತ್ತಿರುತ್ತದೆ.

ಕುಲದ ಪ್ರಶ್ನೆಗೆ ಹೀಗೆ ಮೊದಲೇ ಉತ್ತರ ದೊರೆಯಿತು. ಸ್ಥಾನದ ಪ್ರಶ್ನೆ ಹಾಗೆ ಸುಲಭವಾಗಿ ಬಗೆಹರಿಯಲಿಲ್ಲ. ಕಾರ್ಡಿನ ಚರಿತ್ರೆಯಲ್ಲಿ ಮನುಷ್ಯರ ತಾಳ್ಮೆಯನ್ನು ಅದರಷ್ಟು ತಿಂದ ಪ್ರಶ್ನೆ ಬೇರೊಂದಿಲ್ಲ.

ಐ.ಬಿ.ಎಂ. ಕಂಪೆನಿಯು ತನ್ನ ಚಿಕ್ಕ ಗಣಕಯಂತ್ರವನ್ನು ೧೯೮೧ರಲ್ಲಿ ಹೊರತಂದಿತು. ಯಾರು ಬೇಕಾದರೂ ಕಾರ್ಡುಗಳನ್ನು ಮಾಡಿ ಸಿಕ್ಕಿಸಬಹುದಾದ ಸ್ಲಾಟುಗಳು ಅದರಲ್ಲಿದ್ದವು. ಮೆಟ್ಕಾಫ್ ಅವರು ೧೯೭೯ರಲ್ಲಿಯೇ ಜೆರಾಕ್ಸನ್ನು ಬಿಟ್ಟು ತ್ರೀಕಾಂ ಎಂಬ ಸ್ವಂತ ಕಂಪೆನಿಯನ್ನು ಕಟ್ಟಿದ್ದರು. ೧೯೮೨ರಲ್ಲಿ ಆ ಕಂಪೆನಿ ಈಥರ್‌ಲಿಂಕ್ ಎಂಬ ಕಾರ್ಡನ್ನು ಮಾರಾಟಕ್ಕೆ ತಂದಿತು. ಈ ಮನೆತನದ ಮೊದಲ ಕಾರ್ಡುಗಳಲ್ಲಿ ಒಂದೇ ಒಂದು ಪೊಟ್ಟಣವನ್ನು ಇಡುವಷ್ಟು ಜಾಗವಿತ್ತು. ಬಂದ ಪೊಟ್ಟಣವನ್ನು ಯಂತ್ರವು ಎತ್ತಿಕೊಳ್ಳುತ್ತಿರುವಾಗ ಮತ್ತೊಂದು ಬಂದರೆ ಕಾರ್ಡಿಗೆ ಕೇಳಿಸುತ್ತಿರಲಿಲ್ಲ. ಒಬ್ಬೊಬ್ಬರ ಮೇಜಿಗೆ ಇದು ಸಾಕಾಗಿತ್ತು. ನಾಲ್ಕಾರು ಜನ ಒಟ್ಟಿಗೆ ಕರೆಯುವ ಸರ್ವರಿಗೆ ಸಾಕಾಗುವಂತಿರಲಿಲ್ಲ.

ಸ್ಲಾಟು ಎಲ್ಲರಿಗೂ ತೆರೆದಿತ್ತು, ಆದರೆ ಸ್ಲಾಟಿನ ಹಿಂದಿದ್ದ ಸೌಕರ್ಯಗಳು ಎಣಿಕೆಯವು. ಯಂತ್ರದ ಮಿದುಳಾದ ಪ್ರೊಸೆಸರು ತನ್ನ ಕೆಲಸದಲ್ಲಿ ಮುಳುಗಿರುವಾಗ, ತಂತಿಯಿಂದ ಏನೋ ಬಂದಿದೆಯೆಂದು ಕಾರ್ಡು ಅದನ್ನು ಎಚ್ಚರಿಸಬೇಕು. ಅದಕ್ಕೋಸ್ಕರ ಇಂಟರಪ್ಟ್ ಎಂಬ ಕರೆಗಂಟೆಯ ತಂತಿಗಳಿದ್ದವು. ಮೊದಲ ಯಂತ್ರದಲ್ಲಿ ಅಂಥವು ಎಂಟು; ಅವುಗಳಲ್ಲಿ ಗಡಿಯಾರಕ್ಕೊಂದು, ಕೀಲಿಮಣೆಗೊಂದು, ಫ್ಲಾಪಿಗೊಂದು, ಮುದ್ರಣಯಂತ್ರಕ್ಕೊಂದು, ಎರಡು ಸೀರಿಯಲ್ ದ್ವಾರಗಳಿಗೆ ಎರಡು ಎಂದು ಮೊದಲೇ ಹಂಚಿಹೋಗಿದ್ದವು. ೧೯೮೪ರ ಎ.ಟಿ. ಯಂತ್ರದಲ್ಲಿ ತಂತಿಗಳ ಸಂಖ್ಯೆ ಹೆಚ್ಚಿದರೂ ಕೇಳುವವರ ಸಂಖ್ಯೆ ಅದಕ್ಕಿಂತ ಬೇಗ ಹೆಚ್ಚಿತು. ಒಂದು ಗಂಟೆಯನ್ನು ಇಬ್ಬರು ಹಂಚಿಕೊಳ್ಳುವುದಕ್ಕೆ ಆ ರಚನೆಯಲ್ಲಿ ಅವಕಾಶವಿರಲಿಲ್ಲ. ಇದಲ್ಲದೆ ಪ್ರೊಸೆಸರು ಕಾರ್ಡಿಗೆ ಅಪ್ಪಣೆ ಕೊಡುವುದಕ್ಕೆ ಒಂದು ವಿಳಾಸವೂ ಬೇಕು. ಅದನ್ನೂ ಇಬ್ಬರು ಇಟ್ಟುಕೊಳ್ಳುವಂತಿರಲಿಲ್ಲ.

ಹಾಗಾದರೆ ಯಾವ ಕಾರ್ಡಿಗೆ ಯಾವ ಗಂಟೆ, ಯಾವ ವಿಳಾಸ ಎಂಬ ತೀರ್ಪನ್ನು ಕೊಡುವವರಾರು? ಪೆಟ್ಟಿಗೆಯ ಮುಚ್ಚಳವನ್ನು ತೆಗೆದು ನಿಂತ ಮನುಷ್ಯನೇ. ಕಾರ್ಡಿನ ಮೇಲೆ ಸೂಜಿಯಂಥ ಜೋಡಿಮೊಳೆಗಳು ಸಾಲಾಗಿರುತ್ತಿದ್ದವು. ಗೋಧಿಯ ಕಾಳಿನಷ್ಟು ದೊಡ್ಡದಾದ ಜಂಪರ್ ಎಂಬ ಟೊಪ್ಪಿಗೆಯನ್ನು ಯಾವ ಜೋಡಿಯ ಮೇಲೆ ಕೂರಿಸಿದರೆ ಆ ಗಂಟೆ ಕಾರ್ಡಿನದಾಗುತ್ತಿತ್ತು. ಟೊಪ್ಪಿಗೆ ಕೈಜಾರಿ ಮುಖ್ಯ ಫಲಕದ ಸಂದಿಯಲ್ಲಿ ಬಿದ್ದರೆ ಚಿಮಟಿಗೆಯನ್ನು ಹುಡುಕಬೇಕಾಗಿತ್ತು. ಕಾರ್ಡಿನೊಡನೆ ಬಂದ ಕೈಪಿಡಿ ಕಳೆದುಹೋಗಿದ್ದರೆ ಯಾವ ಮೊಳೆಗೆ ಯಾವ ಅರ್ಥವೆಂಬುದು ಬ್ರಹ್ಮಲಿಪಿಯೇ ಸರಿ.

ನೋವೆಲ್ ಎಂಬ ಕಂಪೆನಿಯ ಕಾರ್ಡನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಆ ಕಂಪೆನಿಯು ನೆಟ್‌ವೇರ್ ಎಂಬ ಸರ್ವರ್ ತಂತ್ರಾಂಶವನ್ನು ಮಾರುತ್ತಿತ್ತು. ಜಾಲಗಳು ಅಗ್ಗವಾದರೆ ತಂತ್ರಾಂಶಕ್ಕೆ ಗಿರಾಕಿ ಹೆಚ್ಚುವುದೆಂದು ಕಾರ್ಡುಗಳನ್ನೂ ಹೊರತಂದಿತು. ಅದರ ಎನ್.ಇ. ೨೦೦೦ ಎಂಬ ಕಾರ್ಡನ್ನು ನೋಡಿ ಊರೂರಿನ ತಯಾರಕರು ಅದರಂಥವನ್ನೇ ಮಾಡಿ ಮಾರಿದರು. ಲೋಕದ ಗಣಕಯಂತ್ರಗಳನ್ನು ಜಾಲಕ್ಕೆ ತಂದ ಯಶಸ್ಸಿನಲ್ಲಿ ಈ ನಕಲುಗಳ ಪಾಲು ದೊಡ್ಡದು. ಕಾರ್ಖಾನೆಯಿಂದ ಹೊರಡುವಾಗ ಆ ಕಾರ್ಡು ಮೂರನೆಯ ಗಂಟೆಯನ್ನೂ, ಹದಿನಾರರ ಎಣಿಕೆಯಲ್ಲಿ ೩೦೦ ಎಂಬ ವಿಳಾಸವನ್ನೂ ಹಿಡಿದುಕೊಂಡಿರುತ್ತಿತ್ತು. ಮೂರನೆಯ ಗಂಟೆಯಾದರೋ ಎರಡನೆಯ ಸೀರಿಯಲ್ ದ್ವಾರಕ್ಕೆ ಸೇರಿದ್ದು. ಆ ದ್ವಾರವನ್ನು ಯಾರೂ ಉಪಯೋಗಿಸದಿರುವವರೆಗೆ ಸರ್ವರು ಚೆನ್ನಾಗಿಯೇ ನಡೆಯುತ್ತಿತ್ತು. ವಿದ್ಯುತ್ತು ಹೋದಾಗ ಆಧಾರವಾಗುವ ಬ್ಯಾಟರಿ ಪೆಟ್ಟಿಗೆಯ ತಂತಿಯನ್ನೋ ಮೋಡೆಮನ್ನೋ ಅಲ್ಲಿಗೆ ಸಿಕ್ಕಿಸಿದ ದಿನ ಜಗಳ ಹತ್ತುತ್ತಿತ್ತು. ತಿಂಗಳುಗಟ್ಟಲೆ ನೆಟ್ಟಗಿದ್ದ ಜಾಲವು ಬ್ಯಾಟರಿಯಿಂದ ಕೆಟ್ಟಿತೆಂದರೆ ನಂಬುವವರಾರು? ಇಂಥ ಕಾಯಿಲೆಯ ಕಾರಣವನ್ನು ಕಂಡುಹಿಡಿದವನು ಮುಂದೆ ಪ್ರತಿಯೊಂದು ಸರ್ವರಿನ ಮೇಲೂ ಗಂಟೆಗಳ ಪಟ್ಟಿಯನ್ನು ಕಾಗದದಲ್ಲಿ ಬರೆದು ಅಂಟಿಸಿಡುತ್ತಿದ್ದನು. ಆ ಕಾಗದವೇ ಆ ಕಾಲದ ನಿಜವಾದ ದಾಖಲೆ.

ಹಲಗೆಯನ್ನು ಕೂರಿಸಿದ ಮೇಲೆ ಅದೇ ಮಾತನ್ನು ಸರ್ವರಿಗೆ ಮತ್ತೊಮ್ಮೆ ಬರೆದು ತಿಳಿಸಬೇಕಾಗಿತ್ತು. ನೆಟ್‌ವೇರ್ ಸರ್ವರಿನ ಆರಂಭದ ಕಡತದಲ್ಲಿ ಒಂದು ಸಾಲು ಕಾರ್ಡಿನ ಡ್ರೈವರನ್ನು, ಎಂದರೆ ಕಾರ್ಡನ್ನು ನಡೆಸುವ ತಂತ್ರಾಂಶವನ್ನು, ಅದರ ವಿಳಾಸ ಮತ್ತು ಗಂಟೆಗಳೊಡನೆ ಕರೆಯುತ್ತಿತ್ತು. ಇನ್ನೊಂದು ಸಾಲು ಜಾಲದ ಭಾಷೆಯನ್ನು ಆ ಡ್ರೈವರಿಗೆ ಕಟ್ಟುತ್ತಿತ್ತು. ಜಂಪರಿನಲ್ಲಿ ಐದೆಂದೂ ಕಡತದಲ್ಲಿ ಮೂರೆಂದೂ ಇದ್ದರೆ ಕಾರ್ಡು ಮೂಗನಂತೆ ಇರುತ್ತಿತ್ತು. ಪೊಟ್ಟಣದ ಮೇಲ್ಬರಹವನ್ನು ಬರೆಯುವ ಕ್ರಮವನ್ನೂ ಸೂಚಿಸಬೇಕಾಗಿತ್ತು. ಇದಕ್ಕೆ ಫ್ರೇಮ್ ಎಂದು ಹೆಸರು. ೧೯೯೩ರಲ್ಲಿ ಹೊರಬಂದ ನೆಟ್‌ವೇರ್ ೩.೧೨ರಲ್ಲಿ ತಾನಾಗಿ ಬರುವ ಫ್ರೇಮಿನ ಕ್ರಮವನ್ನು ಬದಲಾಯಿಸಿಬಿಟ್ಟರು. ಹಳೆಯ ೩.೧೧ರ ಸರ್ವರಿಗೂ ಹೊಸದಕ್ಕೂ ಒಂದೇ ತಂತಿ, ಒಂದೇ ಬಗೆಯ ಕಾರ್ಡು, ಒಂದೇ ಕಂಪೆನಿಯ ತಂತ್ರಾಂಶ. ಆದರೂ ಒಂದು ಇನ್ನೊಂದನ್ನು ಕಾಣಲಾರದೆ ಹೋಯಿತು. ಯಂತ್ರವನ್ನು ಮಾಡಿದವನು ಉತ್ತಮವೆಂದು ತಾನೇ ಆರಿಸಿಕೊಟ್ಟ ಉತ್ತರವು ಯಂತ್ರವನ್ನು ಕೂರಿಸುವವನಿಗೆ ಹೇಗೆ ಬಲೆಯಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಸ್ಥಾನದ ಜಗಳವನ್ನು ಯಂತ್ರದಿಂದಲೇ ತೀರಿಸುವ ಪ್ರಯತ್ನಗಳು ಆ ವೇಳೆಗೆ ನಡೆದೇ ಇದ್ದವು. ಐ.ಬಿ.ಎಂ. ೧೯೮೭ರಲ್ಲಿ ತನ್ನ ಪಿ.ಎಸ್. ೨ ಯಂತ್ರಗಳಲ್ಲಿ ಜಂಪರುಗಳನ್ನು ತೊಡೆದುಹಾಕಿ, ಪ್ರತಿಯೊಂದು ಕಾರ್ಡೂ ತನ್ನ ಗುರುತನ್ನು ತಾನೇ ಹೇಳುವಂತೆ ಮಾಡಿತು. ಆದರೆ ಆ ಸ್ಲಾಟು ಐ.ಬಿ.ಎಂ.ನ ಸ್ವಂತ ಸೊತ್ತಾಗಿದ್ದುದರಿಂದ ಇತರರು ಅದನ್ನು ಮೆಚ್ಚಲಿಲ್ಲ. ಒಂಬತ್ತು ಕಂಪೆನಿಗಳು ಕೂಡಿ ೧೯೮೮ರಲ್ಲಿ ಐಸಾ ಎಂಬ ಬೇರೊಂದು ಪದ್ಧತಿಯನ್ನು ಹೂಡಿದವು. ಎರಡೂ ಬಹುಕಾಲ ಬಾಳಲಿಲ್ಲ. ಹಳೆಯ ಬಗೆಯ ಸ್ಲಾಟಿಗೇ ತಾನಾಗಿ ಹೊಂದಿಕೊಳ್ಳುವ ಗುಣವನ್ನು ತರಬೇಕೆಂದು ೧೯೯೩ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಕಂಪೆನಿಗಳು ನಿಯಮಗಳನ್ನು ಮಾಡಿದವು. ಸಿಕ್ಕಿಸಿದೊಡನೆ ನಡೆಯುವುದೆಂದು ಸಾರಿದ ಆ ಪದ್ಧತಿಯನ್ನು, ಸಿಕ್ಕಿಸಿ ದೇವರಿಗೆ ಕೈಮುಗಿಯುವ ಪದ್ಧತಿಯೆಂದು ಬಲ್ಲವರು ಹಾಸ್ಯಮಾಡಿದರು. ಕಡೆಗೆ ನಿಂತುದು ಇಂಟೆಲ್ ೧೯೯೨ರಲ್ಲಿ ಪ್ರಕಟಿಸಿದ ಪಿ.ಸಿ.ಐ. ಪದ್ಧತಿ. ಇದರಲ್ಲಿ ಪ್ರತಿಯೊಂದು ಕಾರ್ಡಿನಲ್ಲಿಯೂ ತಯಾರಕನ ಸಂಖ್ಯೆ, ಕಾರ್ಡಿನ ಜಾತಿಯ ಸಂಖ್ಯೆ ಎರಡೂ ಬರೆದಿರುತ್ತವೆ. ಇಂಟೆಲ್ ತನ್ನ ಪಾಲಿಗೆ ೮೦೮೬ ಎಂಬುದನ್ನು ಇಟ್ಟುಕೊಂಡಿತು. ಅದು ಆ ಕಂಪೆನಿಯ ಹೆಸರುವಾಸಿಯಾದ ಹಳೆಯ ಪ್ರೊಸೆಸರಿನ ಸಂಖ್ಯೆ. ಯಂತ್ರವು ಎಚ್ಚೆತ್ತ ಕೂಡಲೆ ಸ್ಲಾಟುಗಳನ್ನೆಲ್ಲ ಸುತ್ತಿ ಯಾರಿದ್ದೀರಿ ಎಂದು ಕೇಳಿ, ವಿಳಾಸಗಳನ್ನೂ ಗಂಟೆಗಳನ್ನೂ ತಾನೇ ಹಂಚುತ್ತದೆ. ಒಂದೇ ಗಂಟೆಯನ್ನು ಇಬ್ಬರು ಹಂಚಿಕೊಂಡರೂ ಜಗಳವಿಲ್ಲ. ಗೋಧಿಕಾಳಿನ ಟೊಪ್ಪಿಗೆಗಳು ಹೀಗೆ ಮರೆಯಾದವು.

ಕಾರ್ಡು ತನ್ನ ಗುರುತನ್ನು ಹೇಳಿದರೂ ಅದರ ಭಾಷೆಯನ್ನು ಬಲ್ಲ ಡ್ರೈವರಿಲ್ಲದಿದ್ದರೆ ಪ್ರಯೋಜನವಿಲ್ಲ. ಲೈನಸ್ ಟೋರ್ವಾಲ್ಡ್ಸ್ ಅವರು ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ತಂತ್ರಾಂಶವು ಸರ್ವರುಗಳಲ್ಲಿ ನೆಲೆಯೂರಿದುದಕ್ಕೆ ಡೊನಾಲ್ಡ್ ಬೆಕರ್ ಎಂಬವರ ದುಡಿಮೆ ಬಹುಮಟ್ಟಿಗೆ ಕಾರಣ. ಅಂದಿನ ಅಂಗಡಿಗಳಲ್ಲಿ ಸಿಗುತ್ತಿದ್ದ ಕಾರ್ಡುಗಳಿಗೆ ಒಂದೊಂದಾಗಿ ಅವರು ಡ್ರೈವರುಗಳನ್ನು ಬರೆದು ಎಲ್ಲರಿಗೂ ತೆರೆದಿಟ್ಟರು. ೧೯೯೪ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಅವರೊಡನೆ ಹದಿನಾರು ಸಾಮಾನ್ಯ ಯಂತ್ರಗಳನ್ನು ಈಥರ್‌ನೆಟ್ಟಿನಿಂದ ಪೋಣಿಸಿ ಬೇವುಲ್ಫ್ ಎಂಬ ಮಹಾಗಣಕವನ್ನು ಅವರು ಕಟ್ಟಿದಾಗ ಈ ಡ್ರೈವರುಗಳೇ ಅದರ ನರಗಳಾದವು. ಜಂಪರಿನ ಕಾಲದ ಕಾರ್ಡುಗಳನ್ನು ಪತ್ತೆಹಚ್ಚುವ ಕೆಲಸ ಮಾತ್ರ ಅಪಾಯದ್ದೇ ಆಗಿತ್ತು. ಕತ್ತಲೆಯ ಕೋಣೆಯಲ್ಲಿ ಕೋಲಿನಿಂದ ತಿವಿದು ನೋಡಿದಂತೆ ಒಂದೊಂದು ವಿಳಾಸವನ್ನೂ ಮುಟ್ಟಿ ನೋಡಬೇಕು. ಅಲ್ಲಿ ಬೇರೊಂದು ಹಲಗೆಯಿದ್ದರೆ ಯಂತ್ರವೆಲ್ಲ ಸ್ತಬ್ಧವಾಗಬಹುದು. ಆದುದರಿಂದ ಲಿನಕ್ಸು ತಾನಾಗಿ ಒಂದು ಕಾರ್ಡನ್ನು ಮಾತ್ರ ಹುಡುಕಿ ಸುಮ್ಮನಾಗುತ್ತಿತ್ತು. ಎರಡನೆಯದು ಬೇಕಾದವನು ಅದನ್ನು ಆರಂಭದಲ್ಲಿಯೇ ಬರೆದು ತಿಳಿಸಬೇಕಾಗಿತ್ತು.

ತಂತಿಯ ಕಡೆಯಲ್ಲಿಯೂ ಸ್ವಯಂಚಾಲನೆ ಬಂದಿತು. ೧೯೯೫ರಲ್ಲಿ ವೇಗವು ಸೆಕೆಂಡಿಗೆ ಹತ್ತು ಕೋಟಿ ಬಿಟ್ಟಿಗೆ ಏರಿದಾಗ, ತಂತಿಯ ಎರಡು ತುದಿಗಳೂ ತಮ್ಮತಮ್ಮಲ್ಲಿ ಮಾತಾಡಿಕೊಂಡು ವೇಗವನ್ನು ಗೊತ್ತುಮಾಡಿಕೊಳ್ಳುವ ಏರ್ಪಾಡಾಯಿತು. ಮಾತನ್ನು ಸರದಿಯ ಮೇಲೆ ಆಡಬೇಕೋ ಒಟ್ಟಿಗೇ ಆಡಿ ಕೇಳಬಹುದೋ ಎಂಬುದೂ ಆ ಒಪ್ಪಂದದಲ್ಲಿಯೇ ತೀರ್ಮಾನವಾಗುತ್ತಿತ್ತು. ಜಾಗರೂಕನಾದ ಸರ್ವರ್ ಪಾಲಕನು ಇದನ್ನು ನಂಬದೆ ತನ್ನ ಕಾರ್ಡನ್ನು ಒಟ್ಟಿಗೇ ಮಾತಾಡುವ ಕ್ರಮಕ್ಕೆ ಬಿಗಿದಿಟ್ಟರೆ, ಎದುರು ತುದಿಗೆ ಉತ್ತರವೇ ಬಾರದೆ ಅದು ನಿಯಮಾನುಸಾರ ಸರದಿಯ ಕ್ರಮವನ್ನು ಹಿಡಿಯುತ್ತಿತ್ತು. ದೀಪ ಉರಿಯುತ್ತದೆ, ಚಿಕ್ಕ ಮಾತಿಗೆ ಉತ್ತರ ಬರುತ್ತದೆ, ದೊಡ್ಡ ಕಡತ ಮಾತ್ರ ಆಮೆಯಂತೆ ತೆವಳುತ್ತದೆ. ಎಚ್ಚರಿಕೆಯಿಂದಲೇ ಹುಟ್ಟಿದ ತಪ್ಪು ಇದು. ೧೯೯೯ರಲ್ಲಿ ತಾಮ್ರದ ತಂತಿಯ ಮೇಲೆ ನೂರು ಕೋಟಿ ಬಿಟ್ಟಿನ ವೇಗ ಬಂದಾಗ ಈ ಒಪ್ಪಂದವನ್ನು ಕಡ್ಡಾಯ ಮಾಡಿದರು.

ಉಳಿದುದು ನಾಮದ ಪ್ರಶ್ನೆ. ಎಲ್ಲಕ್ಕಿಂತ ಸುಲಭವೆಂದು ತೋರಿದ ಈ ಪ್ರಶ್ನೆಯೇ ಎಲ್ಲಕ್ಕಿಂತ ತಡವಾಗಿ ತನ್ನ ತೊಡಕನ್ನು ತೋರಿಸಿತು. ಲಿನಕ್ಸು ತಾನು ಕಂಡ ಮೊದಲ ಕಾರ್ಡನ್ನು ಈಥ್-೦ ಎಂದೂ ಎರಡನೆಯದನ್ನು ಈಥ್-೧ ಎಂದೂ ಕರೆಯುತ್ತಿತ್ತು. ಹುಟ್ಟಿದ ವರಸೆಯಲ್ಲಿ ದೊಡ್ಡಣ್ಣ ಚಿಕ್ಕಣ್ಣ ಎಂದು ಹೆಸರಿಟ್ಟಂತೆ ಇದು ಸಹಜವಾದುದೇ. ಸರ್ವರಿನ ವಿಳಾಸ, ಕಾವಲಿನ ನಿಯಮಗಳು, ಯಾರನ್ನು ಒಳಬಿಡಬೇಕು ಯಾರನ್ನು ಬಿಡಬಾರದೆಂಬ ಕಟ್ಟಳೆಗಳು ಎಲ್ಲವನ್ನೂ ಈ ಹೆಸರಿನ ಮೇಲೆಯೇ ಬರೆಯಲಾಗುತ್ತಿತ್ತು. ಆದರೆ ಕಾಣುವ ವರಸೆ ಯಾವಾಗಲೂ ಒಂದೇ ಆಗಿರುವುದೆಂಬ ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ. ಯಂತ್ರಗಳು ಚುರುಕಾಗಿ, ಡ್ರೈವರುಗಳು ಒಂದರ ಹಿಂದೆ ಒಂದು ಬರುವ ಬದಲು ಒಟ್ಟಿಗೇ ನುಗ್ಗತೊಡಗಿದ ಮೇಲೆ, ಇಂದು ಈಥ್-೦ ಆಗಿದ್ದುದು ಸರ್ವರನ್ನು ಆರಿಸಿ ಹೊತ್ತಿಸಿದಾಗ ಈಥ್-೧ ಆಗುವ ಸಂಭವ ಉಂಟಾಯಿತು. ಹಾಗಾದ ರಾತ್ರಿ ಒಳಮನೆಗೆಂದು ಬರೆದ ಸಡಿಲ ನಿಯಮಗಳು ಬೀದಿಯ ಬಾಗಿಲಿಗೂ, ಬೀದಿಗೆಂದು ಬರೆದ ಬಿಗಿಯಾದವು ಒಳಬಾಗಿಲಿಗೂ ಬೀಳುತ್ತವೆ. ಕಾವಲುಗಾರನು ಎಚ್ಚರವಾಗಿಯೇ ಇದ್ದಾನೆ. ಆದರೆ ಮನೆಯವರನ್ನು ತಡೆದು ಬೀದಿಯವರನ್ನು ಒಳಗೆ ಬಿಡುತ್ತಿದ್ದಾನೆ.

ಇದಕ್ಕೆ ಮೊದಲು ಮಾಡಿದ ಚಿಕಿತ್ಸೆ ನಾಮವನ್ನು ಕುಲಕ್ಕೆ ಕಟ್ಟುವುದು. ಯುಡೆವ್ ಎಂಬ ಸಹಾಯಕ ತಂತ್ರಾಂಶವು ಒಮ್ಮೆ ಕಂಡ ಕಾರ್ಡಿನ ಹುಟ್ಟುಸಂಖ್ಯೆಯನ್ನು ಕಡತದಲ್ಲಿ ಬರೆದಿಟ್ಟು, ಮುಂದೆಯೂ ಆ ಸಂಖ್ಯೆಯ ಕಾರ್ಡಿಗೆ ಅದೇ ಹೆಸರನ್ನು ಕೊಡುತ್ತಿತ್ತು. ಕಾರ್ಡು ಒಂದೇ ಇರುವವರೆಗೆ ಇದು ಒಳ್ಳೆಯದೇ. ಕೆಟ್ಟ ಕಾರ್ಡನ್ನು ತೆಗೆದು ಅದೇ ಸ್ಲಾಟಿನಲ್ಲಿ ಅದೇ ಜಾತಿಯ ಹೊಸದನ್ನು ಕೂರಿಸಿದರೋ, ಸಂಖ್ಯೆ ಬೇರೆಯಾದುದರಿಂದ ಅದು ಹೊಸ ಹೆಸರನ್ನು ಪಡೆಯುತ್ತಿತ್ತು. ಸತ್ತ ಕಾರ್ಡಿನ ಹೆಸರು ಕಡತದಲ್ಲಿ ಹಾಗೆಯೇ ಮೀಸಲಾಗಿ ಉಳಿಯುತ್ತಿತ್ತು. ಸರ್ವರಿನ ಪ್ರತಿಯನ್ನು ತೆಗೆದು ಬೇರೊಂದು ಯಂತ್ರದಲ್ಲಿ ಹೂಡಿದಾಗಲೂ ಇದೇ ಕಷ್ಟ. ದಲಾಲ್ ಮತ್ತು ಪ್ರಿಂಟಿಸ್ ಅವರು ಯಂತ್ರಕ್ಕೆಂದ ಸಂಖ್ಯೆಯನ್ನು ಮಾರುಕಟ್ಟೆ ಕಾರ್ಡಿಗೆ ಕೊಟ್ಟಿತಷ್ಟೆ. ಆ ಸಾಲವನ್ನು ಮೂವತ್ತು ವರ್ಷಗಳ ಮೇಲೆ ಸರ್ವರ್ ಪಾಲಕರು ತೀರಿಸಬೇಕಾಯಿತು.

ಎರಡನೆಯ ಚಿಕಿತ್ಸೆ ನಾಮವನ್ನು ಸ್ಥಾನಕ್ಕೆ ಕಟ್ಟುವುದು. ಸರ್ವರುಗಳನ್ನು ಮಾಡಿ ಮಾರುತ್ತಿದ್ದ ಡೆಲ್ ಕಂಪೆನಿಯಿಂದ ಬಂದ ಏರ್ಪಾಡೊಂದನ್ನು ಫೆಡೋರಾ ಎಂಬ ಲಿನಕ್ಸು ೨೦೧೧ರಲ್ಲಿ ಸ್ವೀಕರಿಸಿತು. ೨೦೧೩ರ ಜನವರಿಯಲ್ಲಿ ಹೊರಬಂದ ಸಿಸ್ಟಂಡಿ ತಂತ್ರಾಂಶದ ೧೯೭ನೆಯ ಆವೃತ್ತಿ ಅಂಥದೇ ಪದ್ಧತಿಯನ್ನು ಎಲ್ಲೆಡೆಗೂ ಹಬ್ಬಿಸಿತು. ಅಂದಿನಿಂದ ಸರ್ವರುಗಳಲ್ಲಿ ಈಥ್-೦ ಎಂಬ ಕಿರಿದಾದ ಹೆಸರಿನ ಬದಲು ಇ-ಎನ್-ಪಿ-೩-ಎಸ್-೦ ಎಂಬಂಥ ಬಿರುದಾವಳಿ ಕಾಣಿಸುತ್ತದೆ. ಅದರ ಅರ್ಥವಿಷ್ಟೆ: ಈಥರ್‌ನೆಟ್ ಕಾರ್ಡು, ಪಿ.ಸಿ.ಐ. ಪದ್ಧತಿಯ ಮೂರನೆಯ ಓಣಿ, ಸೊನ್ನೆಯ ಸ್ಲಾಟು. ಕಾರ್ಡು ಯಾವುದೇ ಬಂದರೂ ಕುಳಿತ ಜಾಗದ ಹೆಸರು ಅದಕ್ಕೆ ಬರುತ್ತದೆ. ಊರಿನ ಪಟೇಲನು ಬದಲಾದರೂ ಚಾವಡಿಯ ಹೆಸರು ಬದಲಾಗದಿರುವಂತೆ. ಹಳೆಯ ಹೆಸರಿಗೆ ಒಗ್ಗಿದವರು ಇದನ್ನು ಕಂಡು ರೇಗಿದರು. ಆರಂಭದ ಸಾಲಿನಲ್ಲಿ ಒಂದು ಮಾತನ್ನು ಸೇರಿಸಿ ಹಳೆಯ ಪದ್ಧತಿಯನ್ನೇ ಉಳಿಸಿಕೊಂಡವರೂ ಕೆಲವರಲ್ಲ.

ಆದರೆ ಓಣಿಯ ಸಂಖ್ಯೆಯೂ ಕಲ್ಲಿನಲ್ಲಿ ಕೊರೆದುದಲ್ಲ. ಯಂತ್ರವು ಎಚ್ಚೆತ್ತಾಗ ಸ್ಲಾಟುಗಳನ್ನು ಸುತ್ತುತ್ತ ಓಣಿಗಳನ್ನು ಎಣಿಸುವುದರಿಂದ ಆ ಸಂಖ್ಯೆ ಹುಟ್ಟುತ್ತದೆ. ಸರ್ವರಿಗೆ ಹೆಚ್ಚಿನ ಡಿಸ್ಕುಗಳು ಬೇಕೆಂದು ಅವನ್ನು ನಡೆಸುವ ಬೇರೊಂದು ಕಾರ್ಡನ್ನು ಇನ್ನೊಂದು ಸ್ಲಾಟಿಗೆ ಹಾಕಿದರೆ, ನಡುವೆ ಒಂದು ಓಣಿ ಹೆಚ್ಚಿ, ಮೂರನೆಯದಾಗಿದ್ದ ಓಣಿ ನಾಲ್ಕನೆಯದಾಗಬಹುದು. ನೆಟ್‌ವರ್ಕ್ ಕಾರ್ಡನ್ನು ಯಾರೂ ಮುಟ್ಟಿರುವುದಿಲ್ಲ. ಆದರೂ ಅದರ ಹೆಸರು ಇ-ಎನ್-ಪಿ-೪-ಎಸ್-೦ ಎಂದಾಗಿರುತ್ತದೆ. ಹಳೆಯ ಹೆಸರಿಗೆ ಬರೆದಿದ್ದ ವಿಳಾಸ ಯಾರಿಗೂ ಸಲ್ಲದೆ ಉಳಿದು ಸರ್ವರು ಜಾಲದಿಂದ ಮರೆಯಾಗುತ್ತದೆ. ದೂರದಿಂದ ಅದನ್ನು ನೋಡಿಕೊಳ್ಳುತ್ತಿದ್ದ ಪಾಲಕನು ಕೀಲಿಮಣೆಯನ್ನೂ ತೆರೆಯನ್ನೂ ಹೊತ್ತುಕೊಂಡು ಯಂತ್ರದ ಕೋಣೆಗೇ ಹೋಗಬೇಕಾಗುತ್ತದೆ.

ಇಂಥ ಪಾಲಕನಿಗೆಂದು ಸಿಸ್ಟಂಡಿಯನ್ನು ಬರೆದವರು ಒಂದು ಕಿಂಡಿಯನ್ನು ಬಿಟ್ಟಿದ್ದಾರೆ. ನಾಲ್ಕು ಸಾಲಿನ ಚಿಕ್ಕ ಕಡತವೊಂದರಲ್ಲಿ ಕಾರ್ಡಿನ ಹುಟ್ಟುಸಂಖ್ಯೆಯನ್ನು ಬರೆದು, ಅದರ ಕೆಳಗೆ ತನಗೆ ಬೇಕಾದ ಹೆಸರನ್ನು ಅವನು ಇಡಬಹುದು. ಹಾಗೆ ಇಡುವಾಗ ಈಥ್ ಎಂಬ ಹಳೆಯ ಸಾಲಿನ ಹೆಸರುಗಳನ್ನು ಬಿಟ್ಟು, ಲ್ಯಾನ್-೦ ಎಂದೋ ಇಂಟರ್‌ನೆಟ್-೦ ಎಂದೋ ಕಾರ್ಡು ಮಾಡುವ ಕೆಲಸವನ್ನು ಹೇಳುವ ಹೆಸರನ್ನು ಆರಿಸಿಕೊಳ್ಳಬೇಕೆಂದು ಅವರ ಸಲಹೆ. ಒಳಬಾಗಿಲಿಗೆ ಒಳಬಾಗಿಲೆಂದೂ ಬೀದಿಬಾಗಿಲಿಗೆ ಬೀದಿಬಾಗಿಲೆಂದೂ ಹೆಸರಿಟ್ಟು, ಕಾರ್ಡು ಬದಲಾದ ದಿನ ಆ ಕಡತದಲ್ಲಿನ ಸಂಖ್ಯೆಯೊಂದನ್ನು ತಿದ್ದುವ ಕೆಲಸ ಮಾತ್ರ ಪಾಲಕನ ಪಾಲಿಗೆ ಉಳಿದಿದೆ. ಆ ಸಂಖ್ಯೆಯನ್ನು ಅವನು ಸಾಮಾನ್ಯವಾಗಿ ಕಾರ್ಡಿನ ಮೇಲೆ ಅಂಟಿಸಿರುವ ಕಾಗದದ ಚೀಟಿಯನ್ನು ನೋಡಿಯೇ ಬರೆದುಕೊಳ್ಳುತ್ತಾನೆ.